ಟೈಮ್‌ಲ್ಯಾಪ್ಸ್ ಚಿತ್ರಣದ ತೊಂದರೆಗಳು: ಒಂದು ಅಡಿಕೆ ಅಂಗಳದ ಅನುಭವ



ಸಂಘದ ಕಚೇರಿಗೆ ಬರುವ ಸದಸ್ಯರು ಸಾಮಾನ್ಯವಾಗಿ ವಿಚಾರಿಸುವುದು ಮೈಲುತುತ್ತದ ದರವನ್ನು, ಗೊಬ್ಬರದ ದಾಸ್ತಾನನ್ನು, ಸಾಲದ ಕಂತನ್ನು. ಈಚೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಕೆಲವು ಸದಸ್ಯರು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕ್ಯಾಮೆರಾವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಇದು ಯಾಕೋ ನಡುವ ನಿಂತ್ ಬಿಡ್ತೈತಿ, ಒಂದೀಟು ನೋಡ್ರಿ" ಎನ್ನತೊಡಗಿದ್ದಾರೆ. ಈ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ಇದೇ ಯಂತ್ರದಿಂದ ನಾನೇ ಮೂರು ಸಲ ಪೆಟ್ಟು ತಿಂದು, ಒಬ್ಬ ನಿರಪರಾಧಿಯನ್ನು ಬೈದು, ಆಮೇಲೆ ಬುದ್ಧಿ ಕಲಿತಿದ್ದೇನೆ. ಆ ಅನುಭವವನ್ನು ಸದಸ್ಯರೊಡನೆ ಹಂಚಿಕೊಳ್ಳಲು ಈ ಲೇಖನ.

ಆಕ್ಷನ್ ಕ್ಯಾಮೆರಾ ಎಂಬುದು ಮೂಲತಃ ನಮ್ಮಂಥವರಿಗಾಗಿ ಹುಟ್ಟಿದ್ದಲ್ಲ. ಸಮುದ್ರದ ಅಲೆಯ ಮೇಲೆ ಹಲಗೆ ಕಟ್ಟಿಕೊಂಡು ಆಡುವವರು ತಮ್ಮ ಆಟವನ್ನು ತಾವೇ ಚಿತ್ರಿಸಿಕೊಳ್ಳಲೆಂದು ಹುಟ್ಟಿದ್ದು. ಗೋಪ್ರೊ ಕಂಪನಿ 2004ರಲ್ಲಿ ಮಾರಿದ ಮೊದಲ ಕ್ಯಾಮೆರಾದಲ್ಲಿ ಹಳೆಯ ಕಾಲದ ಫಿಲ್ಮ್ ಸುರುಳಿಯನ್ನೇ ಹಾಕಬೇಕಿತ್ತು. ನಮ್ಮ ಮನೆಗೆ ಬಂದದ್ದು ಬೆಂಗಳೂರಿನಲ್ಲಿರುವ ಮಗ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿ, ಬೇಸರ ಬಂದು ಬಿಟ್ಟುಹೋದ ಕ್ಯಾಮೆರಾ. ನೀರಿಗೆ, ಧೂಳಿಗೆ ಜಗ್ಗದ ಗುಣ ಅದಕ್ಕಿರುವುದರಿಂದ ತೋಟದ ಕೆಲಸಕ್ಕೆ ಒಗ್ಗುತ್ತದೆ.

ಟೈಮ್‌ಲ್ಯಾಪ್ಸ್ ಎಂದರೆ ಇಷ್ಟೇ. ಕ್ಯಾಮೆರಾ ಒಂದೇ ಕಡೆ ಕುಳಿತು ನಾವು ಹೇಳಿದಷ್ಟು ಹೊತ್ತಿಗೊಂದು ಚಿತ್ರ ತೆಗೆಯುತ್ತದೆ. ಆ ಚಿತ್ರಗಳನ್ನು ಸೆಕೆಂಡಿಗೆ 25 ಅಥವಾ 30ರಂತೆ ಓಡಿಸಿದರೆ ದಿನವೊಂದು ನಿಮಿಷದೊಳಗೆ ಮುಗಿಯುತ್ತದೆ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುವುದು ಆಗ ಕಾಣುತ್ತದೆ. ವಿದ್ಯೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲಿಯೇ ಹೂವು ಅರಳುವುದನ್ನು ಹೀಗೆ ಚಿತ್ರಿಸಿ ಜನರಿಗೆ ತೋರಿಸಿದ್ದರು. ನಮ್ಮ ಜಗದೀಶಚಂದ್ರ ಬೋಸರು ಕ್ಯಾಮೆರಾ ಇಲ್ಲದೆ, ತಮ್ಮ ಕ್ರೆಸ್ಕೋಗ್ರಾಫ್ ಯಂತ್ರದ ಮುಳ್ಳಿನಿಂದ ಮಸಿ ಹಿಡಿಸಿದ ಗಾಜಿನ ಮೇಲೆ ಗಿಡದ ಬೆಳವಣಿಗೆಯನ್ನು ಬರೆಸಿದರು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಅದನ್ನು ಕೇಳಿ ಬೆರಗಾಗಿದ್ದೆ. ಅದೇ ತತ್ವ ನನ್ನ ಅಂಗಳಕ್ಕೆ ಬರುವುದೆಂದು ಆಗ ಎಣಿಸಿರಲಿಲ್ಲ.

ನಮ್ಮ ತೋಟ ಕಿತ್ತೂರಿನ ಪಡುವಣಕ್ಕೆ, ಎರೆ ಮುಗಿದು ಮಲೆನಾಡಿನ ಸೆರಗು ಕಾಣಿಸುವ ಕಡೆ ಇದೆ. ಅಡಿಕೆ, ನಡುವೆ ಒಂದಿಷ್ಟು ಕಾಫಿ, ಅಂಚಿಗೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಹಣ್ಣಡಿಕೆಯನ್ನು ಚಾಲಿ ಮಾಡುವುದು ನಮ್ಮ ಪದ್ಧತಿ. ಚಾಲಿಗೆ 35ರಿಂದ 45 ದಿನಗಳ ಬಿಸಿಲು ಬೇಕೆಂಬುದು ಸದಸ್ಯರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಎರಡು ವರ್ಷ ಸತತವಾಗಿ ನನ್ನ ಚೀಲಗಳಲ್ಲಿ ಒಂದು ಪಾಲು ಒಳಗೆ ಬೂಸಲು ಹಿಡಿದು ಚಾಲಿಯ ದರ್ಜೆಯಿಂದ ಕೆಳಗಿಳಿದು ಕೋಕದ ದರಕ್ಕೆ ಹೋಯಿತು. ಅದೇ ಅಂಗಳ, ಅದೇ ಬಿಸಿಲು, ಅದೇ ಮರದ ಅಡಿಕೆ. ಒಂದು ಪಾಲು ಮಾತ್ರ ಕೆಡುವುದೇಕೆ?

ಅಂಗಳ ನೋಡಿಕೊಳ್ಳುವವರು ನಮ್ಮಲ್ಲಿ ಬಹುಕಾಲದಿಂದ ಇರುವ ಒಬ್ಬ ಅಜ್ಜ. ದಿನಕ್ಕೆರಡು ಸಲ ಅಡಿಕೆ ತಿರುವಿ ಹಾಕಬೇಕೆಂದು ಅವರಿಗೆ ಹೇಳಿದ್ದೆ. ನಾನು ಹಗಲೆಲ್ಲ ಸಂಘದ ಕಚೇರಿಯಲ್ಲಿರುವವನು. ಅಜ್ಜ ವಯಸ್ಸಾಗಿ ಒಂದು ಮೂಲೆಯನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಕ್ಯಾಮೆರಾ ಕಟ್ಟಿದ್ದು ಸತ್ಯ ತಿಳಿಯಲೆಂದು ಎಂದು ಹೇಳಿಕೊಂಡರೂ, ನಿಜವಾಗಿ ಕಟ್ಟಿದ್ದು ಅಜ್ಜನನ್ನು ಹಿಡಿಯಲೆಂದೇ. ಅವರಿಗೆ ಹೇಳಿಯೂ ಇರಲಿಲ್ಲ. ಅದು ತಪ್ಪು. ಆಳುಕಾಳು ಓಡಾಡುವಲ್ಲಿ ಕ್ಯಾಮೆರಾ ಇಡುವವರು ಮೊದಲೇ ಅವರಿಗೆ ತಿಳಿಸಿ ಇಡತಕ್ಕದ್ದು.

ಮೊದಲನೆಯ ಪೆಟ್ಟು: ಅಂತರದ ಲೆಕ್ಕ

ಎರಡು ಚಿತ್ರಗಳ ನಡುವಿನ ಅಂತರವನ್ನು ಈಗಿನ ಕೆಲವು ಕ್ಯಾಮೆರಾಗಳಲ್ಲಿ ಅರ್ಧ ಸೆಕೆಂಡಿನಿಂದ ಒಂದು ಗಂಟೆಯವರೆಗೆ ಇಡಬಹುದು. ಇಡೀ ದಿನದ ಕೆಲಸವಲ್ಲವೇ, ಐದು ನಿಮಿಷ ಸಾಕೆಂದು ಇಟ್ಟೆ. ಬೆಳಿಗ್ಗೆ ಆರೂವರೆಯಿಂದ ಸಂಜೆ ಆರೂವರೆಗೆ 12 ಗಂಟೆ. ಐದು ನಿಮಿಷಕ್ಕೊಂದರಂತೆ 144 ಚಿತ್ರ. ಸೆಕೆಂಡಿಗೆ 30ರಂತೆ ಓಡಿಸಿದರೆ ಐದು ಸೆಕೆಂಡೂ ಪೂರ್ತಿ ಇಲ್ಲ. ಅಜ್ಜ ಅಂಗಳವೆಲ್ಲ ತಿರುವಲು ನಲವತ್ತು ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಅದು ಎಂಟು ಚಿತ್ರ, ಅಂದರೆ ಕಾಲು ಸೆಕೆಂಡು. ಕಣ್ಣು ಮಿಟುಕಿಸಿದರೆ ಹೋಯಿತು. ನನ್ನ ಕಣ್ಣಿಗೆ ಅಜ್ಜ ಬೀಳಲೇ ಇಲ್ಲ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಿಂತು ಆಡಬಾರದ ಮಾತು ಆಡಿದೆ. ಅವರು ತಲೆ ತಗ್ಗಿಸಿ, "ತಿರುವೇನ್ರಿ ಧಣ್ಯಾರ, ದಿನಾ ಎರಡು ಹೊತ್ತೂ ತಿರುವೇನ್ರಿ" ಎಂದಷ್ಟೇ ಹೇಳಿ ಕೆಲಸಕ್ಕೆ ಹೋದರು.

ಸದಸ್ಯರು ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿಕೊಳ್ಳಬೇಕು. ನೋಡಬೇಕಾದ ಕೆಲಸ ಎಷ್ಟು ನಿಮಿಷದ್ದು? ಅದು ತೆರೆಯ ಮೇಲೆ ಕಡಿಮೆಯೆಂದರೆ ಎರಡು ಮೂರು ಸೆಕೆಂಡು ಕಾಣಬೇಕು, ಎಂದರೆ 60ರಿಂದ 90 ಚಿತ್ರ ಬೇಕು. ನಲವತ್ತು ನಿಮಿಷ ಎಂದರೆ 2400 ಸೆಕೆಂಡು. ಅದನ್ನು 80ರಿಂದ ಭಾಗಿಸಿದರೆ 30 ಸೆಕೆಂಡಿನ ಅಂತರ. ದಿನಕ್ಕೆ 1440 ಚಿತ್ರ, 48 ಸೆಕೆಂಡಿನ ಚಿತ್ರಣ. ಅಂಗಳಕ್ಕೆ ಇದು ಸರಿ. ಮೋಡ ಓಡುವುದನ್ನು ನೋಡಬೇಕಾದರೆ ಐದು ಸೆಕೆಂಡು. ಕಾಫಿ ಮೊಗ್ಗು ಬಿರಿಯುವುದಕ್ಕೆ ಐದು ಹತ್ತು ನಿಮಿಷ ಸಾಕು. ಹಾಗೆಂದು ಅತಿ ಮಾಡಿ ಅರ್ಧ ಸೆಕೆಂಡು ಇಟ್ಟರೆ 12 ಗಂಟೆಗೆ 86,400 ಚಿತ್ರಗಳಾಗುತ್ತವೆ. ಒಂದು ಚಿತ್ರ ಐದು ಎಂ.ಬಿ. ಎಂದು ಹಿಡಿದರೆ 432 ಜಿ.ಬಿ.; ಕಾರ್ಡು ಮಧ್ಯಾಹ್ನದೊಳಗೆ ತುಂಬಿ ಕ್ಯಾಮೆರಾ ಸುಮ್ಮನೆ ಕೂರುತ್ತದೆ. 30 ಸೆಕೆಂಡಿನ ಅಂತರಕ್ಕೆ ಸುಮಾರು ಏಳು ಜಿ.ಬಿ. ಮಾತ್ರ.

ಇನ್ನೊಂದು ಗೊಂದಲ ಹೆಸರಿನದು. ಟೈಮ್‌ವಾರ್ಪ್, ಹೈಪರ್‌ಲ್ಯಾಪ್ಸ್ ಎಂಬ ಹೆಸರಿನ ಬಗೆ ಇರುವುದು ನಡೆಯುತ್ತ, ವಾಹನದಲ್ಲಿ ಸಾಗುತ್ತ ಚಿತ್ರಿಸುವುದಕ್ಕೆ. ಕಲ್ಲುಕಂಬಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಅದು ಬೇಡ.

ಎರಡನೆಯ ಪೆಟ್ಟು: ವಿಡಿಯೋ ತೆರೆಯದು

ಅಂತರ ಸರಿಪಡಿಸಿ ಮತ್ತೆ ಇಟ್ಟೆ. ಸಂಜೆ ಬಂದು ನೋಡಿದರೆ ಕ್ಯಾಮೆರಾ ಸತ್ತಿತ್ತು. ಕಾರ್ಡಿನಲ್ಲಿ ಫೈಲು ಇದೆ, ತೆರೆಯದು. ಕಾರಣವನ್ನು ಮಗ ಫೋನಿನಲ್ಲಿ ಬಿಡಿಸಿ ಹೇಳಿದ. ಟೈಮ್‌ಲ್ಯಾಪ್ಸಿನಲ್ಲಿ ಎರಡು ಬಗೆ ಇವೆ. ವಿಡಿಯೋ ಬಗೆಯಲ್ಲಿ ಕ್ಯಾಮೆರಾ ತಾನೇ ಚಿತ್ರಗಳನ್ನು ಪೋಣಿಸಿ ಒಂದೇ ಫೈಲು ಮಾಡುತ್ತದೆ. ಫೋಟೋ ಬಗೆಯಲ್ಲಿ ಪ್ರತಿಯೊಂದು ಚಿತ್ರವೂ ಬೇರೆ ಬೇರೆ ಉಳಿಯುತ್ತದೆ. ವಿಡಿಯೋ ಫೈಲಿನ ಪರಿವಿಡಿಯನ್ನು ಕ್ಯಾಮೆರಾ ಬರೆಯುವುದು ಚಿತ್ರಣ ನಿಲ್ಲಿಸುವಾಗ. ನಡುವೆ ವಿದ್ಯುತ್ತು ಹೋದರೆ, ಪುಸ್ತಕವೆಲ್ಲ ಬರೆದು ಪರಿವಿಡಿಗೆ ಕೂರುವ ಹೊತ್ತಿಗೆ ದೀಪ ಆರಿದ ಹಾಗೆ: ಹಾಳೆಗಳಿವೆ, ಯಾವುದು ಎಲ್ಲಿ ಎಂದು ಓದುವವನಿಗೆ ತಿಳಿಯದು. ಕೆಲವು ಕ್ಯಾಮೆರಾಗಳು ಅದೇ ಕಾರ್ಡನ್ನು ಮತ್ತೆ ಹಾಕಿ ಚಾಲೂ ಮಾಡಿದಾಗ ಮುರಿದ ಫೈಲನ್ನು ತಾವೇ ರಿಪೇರಿ ಮಾಡಲು ನೋಡುತ್ತವೆ. ಆದ್ದರಿಂದ ಗಾಬರಿಯಲ್ಲಿ ಕಾರ್ಡನ್ನು ಅಳಿಸಬೇಡಿ. ಮೊದಲು ಅದೇ ಕ್ಯಾಮೆರಾಕ್ಕೆ ಹಾಕಿ ನೋಡಿ. ನನ್ನದು ರಿಪೇರಿಯಾಗಲಿಲ್ಲ.

ನಮ್ಮ ಕಡೆಯ ವಿದ್ಯುತ್ತಿನ ಸ್ಥಿತಿಗೆ ಫೋಟೋ ಬಗೆಯೇ ಕ್ಷೇಮ. ಮಧ್ಯಾಹ್ನ ನಿಂತರೂ ಅಲ್ಲಿಯವರೆಗಿನ ಚಿತ್ರಗಳು ಕೈಯಲ್ಲಿರುತ್ತವೆ. ಆಮೇಲೆ ಜೋಡಿಸುವುದು ಕಂಪ್ಯೂಟರಿನ ಕೆಲಸ. ಎಫ್‌ಎಫ್‌ಎಂಪೆಗ್, ಡಾವಿಂಚಿ ರಿಸಾಲ್ವ್ ಮುಂತಾದವು ಪುಕ್ಕಟೆಯಾಗಿ ಸಿಗುತ್ತವೆ; ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಅರ್ಧ ಗಂಟೆಯ ಕೆಲಸ.

ಇನ್ನು ವಿದ್ಯುತ್ತಿನ ಮಾತು. ಒಳಗಿನ ಬ್ಯಾಟರಿ ಇಡೀ ಹಗಲು ನಡೆಸಲಾರದು. ಪವರ್ ಬ್ಯಾಂಕು ಬೇಕು. 10,000 ಎಂ.ಎ.ಎಚ್. ಎಂದು ಬರೆದದ್ದರಲ್ಲಿ ಇರುವ ಶಕ್ತಿ 37 ವ್ಯಾಟ್ ಗಂಟೆ, ಅದರಲ್ಲಿಯೂ ಒಂದು ಪಾಲು ದಾರಿಯಲ್ಲಿ ಸೋರಿಹೋಗುತ್ತದೆ. ಕ್ಯಾಮೆರಾ ಮೂರು ವ್ಯಾಟ್ ಎಳೆದರೆ ಹತ್ತು ಗಂಟೆ ಬಂದೀತು, ಹನ್ನೆರಡು ಬಾರದು. 20,000ದ್ದನ್ನು ಕೊಳ್ಳುವುದು ಲೇಸು. ತೆರೆಯ ಬೆಳಕು, ವೈಫೈ, ಜಿಪಿಎಸ್ ಇವನ್ನು ಆರಿಸಿಡಬೇಕು.

ಬೈಲಹೊಂಗಲದ ಸದಸ್ಯರೊಬ್ಬರದು ವಿಚಿತ್ರ ದೂರು. ಪವರ್ ಬ್ಯಾಂಕು ತುಂಬಿಯೇ ಇದೆ, ಆದರೂ ದಿನಾ ಸ್ವಲ್ಪ ಹೊತ್ತಿನ ಮೇಲೆ ಅದು ತಾನೇ ಆರುತ್ತದೆ, ಆಮೇಲೆ ಒಳಗಿನ ಬ್ಯಾಟರಿ ಮುಗಿದು ಕ್ಯಾಮೆರಾ ನಿಲ್ಲುತ್ತದೆ. ಅಂಗಡಿಯವನು ಬ್ಯಾಂಕು ಬದಲಿಸಿ ಕೊಟ್ಟರೂ ಅದೇ ಕಥೆ. ದೋಷ ಇದ್ದದ್ದು ಬ್ಯಾಂಕಿನ ಜಾಣತನದಲ್ಲಿ. ಪವರ್ ಬ್ಯಾಂಕು ಫೋನಿಗಾಗಿ ಮಾಡಿದ ವಸ್ತು. ಎಳೆಯುವ ವಿದ್ಯುತ್ತು ತೀರ ಕಡಿಮೆಯಾದರೆ ಫೋನು ತುಂಬಿತೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ. ಅಂತರ ದೊಡ್ಡದಿದ್ದಾಗ ಕ್ಯಾಮೆರಾ ನಡುವೆ ನಿದ್ದೆ ಹೋಗುವುದರಿಂದ ಹೀಗಾಗುತ್ತದೆ. ಕಡಿಮೆ ವಿದ್ಯುತ್ತಿಗೂ ಆರದೆ ಇರುವ ಬಗೆಯ ಪವರ್ ಬ್ಯಾಂಕುಗಳಿವೆ, ಕೇಳಿ ಕೊಳ್ಳಬೇಕು. ಇಲ್ಲವೇ ಅಂತರವನ್ನು ಕಡಿಮೆ ಮಾಡಬೇಕು. ಅವರು ಎರಡನೆಯದನ್ನು ಮಾಡಿದರು, ಕಾಸು ಉಳಿಯಿತು.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವವರು ಒಳಗಿನ ಬ್ಯಾಟರಿಯನ್ನು ತೆಗೆಯಬಾರದು, ಕರೆಂಟು ಕಣ್ಣು ಮಿಟುಕಿಸಿದಾಗ ಅದು ಕೈಹಿಡಿಯುತ್ತದೆ. ಆದರೆ ರಾಮದುರ್ಗದ ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದ ಮಾತೂ ಇದೆ. ಬ್ಯಾಟರಿ ಒಳಗೆ ತುಂಬುತ್ತ, ಕ್ಯಾಮೆರಾ ಮೇಲೆ ಓಡುತ್ತ, ಹೊರಗೆ ನೇರ ಬಿಸಿಲು ಬಿದ್ದರೆ ಕಾವೇರಿ ತಾನೇ ಆರುತ್ತದೆ. ಅದು ಕೆಟ್ಟದ್ದಲ್ಲ, ತನ್ನನ್ನು ತಾನು ಉಳಿಸಿಕೊಂಡದ್ದು. ಕೆಲವು ಮಾದರಿಗಳು ಬ್ಯಾಟರಿ ತೆಗೆದರೂ ಹೊರಗಿನ ವಿದ್ಯುತ್ತಿನಿಂದ ಓಡುತ್ತವೆ. ಅಂಥದ್ದಿದ್ದರೆ, ಪವರ್ ಬ್ಯಾಂಕು ನಂಬಿಕೆಯದಾಗಿದ್ದರೆ, ಬೇಸಿಗೆಯಲ್ಲಿ ಹಾಗೆ ಮಾಡಬಹುದು. ಎಲ್ಲಕ್ಕಿಂತ ಅಗ್ಗದ ಉಪಾಯ ನಮ್ಮ ತೋಟದಲ್ಲಿಯೇ ಬಿದ್ದಿದೆ: ಅಡಿಕೆ ಹಾಳೆ. ಒಂದು ಹಾಳೆಯನ್ನು ಮಡಚಿ, ಕ್ಯಾಮೆರಾದ ಮೇಲೆ ನಾಲ್ಕು ಬೆರಳು ಅಂತರ ಬಿಟ್ಟು ಮಾಡಿನಂತೆ ಕಟ್ಟಿದರೆ ಬಿಸಿಲೂ ತಡೆಯುತ್ತದೆ, ಗಾಳಿಯೂ ಆಡುತ್ತದೆ. ಹಾಳೆಯ ಅಂಚು ಚಿತ್ರದೊಳಗೆ ಇಣುಕದಂತೆ ನೋಡಿಕೊಳ್ಳಬೇಕು. ಈ ಕ್ಯಾಮೆರಾಗಳ ನೋಟ ಬಹಳ ಅಗಲ.

ಮೂರನೆಯ ಪೆಟ್ಟು: ಎರಡು ಗಂಟೆ ಐವತ್ತು ನಿಮಿಷ

ಮೂರನೆಯ ಸಲ ಎಲ್ಲ ಸರಿಯಾಯಿತು. ಕ್ಯಾಮೆರಾ ಸಂಜೆಯವರೆಗೂ ಓಡಿತ್ತು. ಚಿತ್ರಗಳನ್ನು ಜೋಡಿಸಿ ನೋಡಿದೆ. ಅಜ್ಜ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಾಲುಸಾಲಾಗಿ, ಒಂದು ಮೂಲೆಯನ್ನೂ ಬಿಡದೆ ಕಾಲಿನಿಂದ ಅಡಿಕೆ ತಿರುವುತ್ತ ಹೋಗುವುದು ಇರುವೆ ಹರಿದಂತೆ ಕಾಣಿಸಿತು. ನನ್ನ ಮುಖ ಸಣ್ಣದಾಯಿತು. ಆದರೆ ಬೂಸಲಿಗೆ ಕಾರಣ ಕಾಣಲಿಲ್ಲ. ಬಿಸಿಲು ಅಂಗಳದ ತುಂಬ ಇತ್ತು. ಚಿತ್ರಣ ಏಕೋ ಬೇಗ ಮುಗಿದಂತೆಯೂ ಅನಿಸಿತು. ಕೊನೆಯ ಚಿತ್ರದ ಹೊತ್ತು ನೋಡಿದರೆ ಎರಡು ಗಂಟೆ ಐವತ್ತು ನಿಮಿಷ.

ಎಣಿಸಿದೆ. ಚಿತ್ರಗಳು 999. ಅನೇಕ ಕ್ಯಾಮೆರಾಗಳು ಒಂದು ಫೋಲ್ಡರಿನಲ್ಲಿ 999 ಚಿತ್ರ ತುಂಬಿದೊಡನೆ ಮುಂದಿನದಕ್ಕೆ ಹೊಸ ಫೋಲ್ಡರು ತೆರೆಯುತ್ತವೆ. 30 ಸೆಕೆಂಡಿನಂತೆ 999 ಚಿತ್ರಕ್ಕೆ ಎಂಟು ಗಂಟೆ ಇಪ್ಪತ್ತು ನಿಮಿಷ. ಆರೂವರೆಗೆ ಕೂಡಿಸಿದರೆ ಸರಿಯಾಗಿ ಅದೇ ಹೊತ್ತು. ನಾನು ಮೊದಲನೆಯ ಫೋಲ್ಡರನ್ನು ಮಾತ್ರ ತೆಗೆದುಕೊಂಡಿದ್ದೆ. ಉಳಿದ 441 ಚಿತ್ರ ಕಾರ್ಡಿನಲ್ಲಿಯೇ ಇದ್ದವು, ಇನ್ನೇನು ಅಳಿಸುವುದರಲ್ಲಿದ್ದೆ.

ಅವನ್ನೂ ಸೇರಿಸಿ ಓಡಿಸಿದಾಗ ಕಂಡದ್ದು ಹೀಗೆ. ಮೂರು ಗಂಟೆಯ ಹೊತ್ತಿಗೆ ಅಂಗಳದ ನೈರುತ್ಯದಲ್ಲಿರುವ ಸಿಲ್ವರ್ ಓಕ್ ಸಾಲಿನ ನೆರಳು ಈಶಾನ್ಯಕ್ಕೆ ಚಾಚುತ್ತ ಬಂದು, ನಾಲ್ಕೂವರೆಗೆ ಅರ್ಧ ಅಂಗಳವನ್ನು ನುಂಗಿತು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ. ನಮ್ಮ ಅಕ್ಷಾಂಶದಲ್ಲಿ ಆಗ ಮಧ್ಯಾಹ್ನ ಮೂರೂವರೆಗೆ 30 ಅಡಿಯ ಮರಕ್ಕೆ 40 ಅಡಿಗೂ ಮಿಕ್ಕಿ ನೆರಳು ಬೀಳುತ್ತದೆ, ನಾಲ್ಕೂವರೆಗೆ ಸುಮಾರು 70 ಅಡಿ. ಮೆಣಸಿಗೆಂದು ನೆಟ್ಟ ಮರಗಳು ಸದ್ದಿಲ್ಲದೆ ಬೆಳೆದುಕೊಂಡಿದ್ದವು. ಆ ಮೂಲೆಯ ಅಡಿಕೆ ದಿನಕ್ಕೆ ಎರಡು ಮೂರು ತಾಸಿನ ಬಿಸಿಲು ಕಳೆದುಕೊಂಡು, ಬೇಗ ತಣಿದು, ಇಬ್ಬನಿಗೆ ಮೈಯೊಡ್ಡುತ್ತಿತ್ತು. ದಿನದ ಲೆಕ್ಕದಲ್ಲಿ ಒಣಗಿದೆ ಎಂದು ಎಲ್ಲದರ ಜೊತೆಗೆ ಚೀಲ ತುಂಬುತ್ತಿದ್ದೆವು. ಆ ಮೇಲೆ ಮೊದಲ ದಿನದ 144 ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಅಲ್ಲಿಯೂ ನೆರಳಿತ್ತು. ಅಜ್ಜನೂ ಇದ್ದರು.

ಚಿತ್ರಣವನ್ನು ಅಜ್ಜನಿಗೆ ತೋರಿಸಿ, ತಪ್ಪಾಯಿತೆಂದೆ. ಅವರು ತಮ್ಮ ಆಕೃತಿ ಓಡುವುದನ್ನು ನೋಡಿ ನಕ್ಕು, "ನೆಳ್ಳ ಬೀಳ್ತೈತಿ ಅಂತ ಹೋದ ವರ್ಷನ ಅಂದಿದ್ನೆಲ್ರಿ" ಎಂದರು. ಹೇಳಿದ್ದರಂತೆ. ನನಗೆ ನೆನಪಿರಲಿಲ್ಲ. ಮರಗಳ ಕೊಂಬೆ ಸವರಿಸಿದೆವು, ಆ ಮೂಲೆಯ ಅಡಿಕೆಯನ್ನು ಬೇರೆ ರಾಶಿ ಮಾಡಿ ಒಂದು ವಾರ ಹೆಚ್ಚು ಒಣಗಿಸಿದೆವು. ಆ ಸಲ ಯಾವ ಚೀಲವೂ ದರ್ಜೆ ಇಳಿಯಲಿಲ್ಲ.

ಮಿಣಮಿಣ, ಮಂಜು, ಕಾರ್ಡು

ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚಿತ್ರಣ ಮಿಣಮಿಣ ಎನ್ನುವುದು ಬಹಳ ಜನರ ದೂರು. ಕ್ಯಾಮೆರಾ ಪ್ರತಿ ಚಿತ್ರಕ್ಕೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಮೋಡ ಬಂದರೆ, ಬಿಳಿ ಅಂಗಿಯವರು ಎದುರಿಗೆ ಬಂದರೆ ಅಳತೆ ಬದಲಾಗಿ ಒಂದು ಚಿತ್ರ ಕಪ್ಪು, ಒಂದು ಬಿಳುಪು. ವೈಟ್ ಬ್ಯಾಲೆನ್ಸ್ ಎಂಬುದನ್ನು ಆಟೋದಿಂದ ತೆಗೆದು 5500ರ ಆಸುಪಾಸಿಗೆ ನಿಲ್ಲಿಸಿ. ಐಎಸ್‌ಒ ಕನಿಷ್ಠವೂ ಗರಿಷ್ಠವೂ 100 ಇರಲಿ. ಷಟರನ್ನು ಮಾತ್ರ ಅದರ ಪಾಡಿಗೆ ಬಿಡಬೇಕು. ಅದನ್ನೂ ಬಿಗಿದರೆ ಬೆಳಗಿನ ಬೆಳಕಿಗೆ ಹೊಂದಿಸಿದ್ದು ಮಧ್ಯಾಹ್ನ ಬರೀ ಬಿಳಿಯಾಗುತ್ತದೆ. ರಾತ್ರಿ ಎಲ್ಇಡಿ ದೀಪದಡಿ ಪಟ್ಟೆ ಓಡಿದರೆ ಕಾರಣ ಬೇರೆ: ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್, ಕ್ಯಾಮೆರಾ 60ಕ್ಕೆ ಇರಬಹುದು. ಆಂಟಿ ಫ್ಲಿಕರ್ ಎಂಬಲ್ಲಿ 50 ಆರಿಸಿ.

ಚಿತ್ರ ತೂಗಾಡಿದರೆ ಕಟ್ಟಿದ ಜಾಗ ತಪ್ಪು. ಅಡಿಕೆ ಮರಕ್ಕೆ ಕಟ್ಟುವವರಿದ್ದಾರೆ. ಗಾಳಿಗೆ ಮರ ತೂಗಿದಷ್ಟೂ ಅಂಗಳವೂ ತೂಗುತ್ತದೆ. ಕಲ್ಲುಕಂಬ, ಗೋಡೆ ಇಂಥದ್ದೇ ಆಗಬೇಕು.

ಬೆಳಿಗ್ಗೆ ಎಂಟರವರೆಗೆ ಎಲ್ಲ ಮಸುಕು, ಆಮೇಲೆ ತಿಳಿ ಎಂದರೆ ಗಾಜಿನ ಮೇಲೆ ಇಬ್ಬನಿ. ರಾತ್ರಿ ಬಯಲಲ್ಲಿ ಬಿಟ್ಟ ಗಾಜು ಗಾಳಿಗಿಂತ ಹೆಚ್ಚು ತಣಿಯುವುದರಿಂದ ಅದರ ಮೇಲೆ ನೀರು ಕೂರುತ್ತದೆ. ಮೇಲೊಂದು ಹಾಳೆಯ ಮಾಡು ಇದ್ದರೆ ಬಹಳ ಕಡಿಮೆಯಾಗುತ್ತದೆ. ಮಸುಕು ಒಳಗಿನ ಡಬ್ಬಿಯದಾದರೆ, ಡಬ್ಬಿಯನ್ನು ಒಣ ಹೊತ್ತಿನಲ್ಲಿ ಮುಚ್ಚಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಚೀಲವನ್ನು ಒಳಗಿಡಿ. ಜೇಡವನ್ನು ಮರೆಯಬೇಡಿ. ನನ್ನ ಒಂದು ದಿನದ ಚಿತ್ರಣದ ನಾಯಕ ಅದೇ ಆಗಿತ್ತು.

ಸವದತ್ತಿಯ ಸದಸ್ಯರೊಬ್ಬರು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 128 ಜಿ.ಬಿ. ಕಾರ್ಡು ಕೊಂಡರು. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ಅಂಚಿನ ಹೊಲದಲ್ಲಿ ನೀರು ಏರುವುದನ್ನು ಚಿತ್ರಿಸಹೊರಟರೆ ಮೊದಲಿನ ಚಿತ್ರಗಳು ಚೆನ್ನಾಗಿವೆ, ಆಮೇಲಿನವು ತೆರೆಯವು. ಇಂಥ ನಕಲಿ ಕಾರ್ಡು ಇರುವುದಕ್ಕಿಂತ ಹೆಚ್ಚು ಜಾಗ ತೋರಿಸುತ್ತದೆ. ಎಚ್ 2 ಟೆಸ್ಟ್ ಡಬ್ಲ್ಯೂ ಎಂಬ ಪುಕ್ಕಟೆ ಪ್ರೋಗ್ರಾಮು ಕಾರ್ಡನ್ನು ಪೂರ್ತಿ ತುಂಬಿಸಿ ಮರಳಿ ಓದಿ ಸುಳ್ಳನ್ನು ಬಯಲಿಗೆಳೆಯುತ್ತದೆ. ಕಾರ್ಡಿನ ಮೇಲೆ ಯು3 ಅಥವಾ ವಿ30 ಗುರುತಿರಲಿ. ಫಾರ್ಮ್ಯಾಟನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲಿಯೇ ಮಾಡಿ. ಬ್ಯಾಟರಿ ಪೂರ್ತಿ ಬರಿದಾದ ಮೇಲೆ ದಿನಾಂಕ ತಪ್ಪಿರುವುದುಂಟು, ಇಡುವ ಮೊದಲು ಗಡಿಯಾರ ನೋಡಿ. ಹೊತ್ತು ತಪ್ಪಿದ್ದರೆ ನನ್ನ ನೆರಳಿನ ಲೆಕ್ಕ ಸಿಗುತ್ತಲೇ ಇರಲಿಲ್ಲ.

ರಾಮದುರ್ಗದ ಸದಸ್ಯರೊಬ್ಬರು ಕೊಳವೆ ಬಾವಿಯ ಹನಿ ನೀರಾವರಿಯ ಒತ್ತಡ ಮಾಪಕದ ಮುಂದೆ ಕ್ಯಾಮೆರಾ ಇಟ್ಟು, ಸಣ್ಣ ದೀಪ ಹಚ್ಚಿ, ರಾತ್ರಿ ತ್ರೀಫೇಸ್ ಬಂದ ಮೇಲೆ ಒತ್ತಡ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡುತ್ತಿದ್ದಾರೆ. ಮುಳ್ಳು ಮಸುಕಾಗಿದೆ ಎಂದು ಬರೆದಿದ್ದಾರೆ. ಈ ಕ್ಯಾಮೆರಾಗಳಲ್ಲಿ ಫೋಕಸ್ ಸಾಮಾನ್ಯವಾಗಿ ಸ್ಥಿರವಾಗಿರುತ್ತದೆ, ಒಂದು ಅಡಿಗಿಂತ ಹತ್ತಿರದ್ದು ಸ್ಪಷ್ಟ ಬಾರದು. ಎರಡು ಅಡಿ ಹಿಂದೆ ಸರಿಸಿ, ದೀಪ ಪಕ್ಕದಿಂದ ಬೀಳುವಂತೆ ಇಡಲಿ. ಎದುರಿನಿಂದ ಬಿದ್ದರೆ ಮಾಪಕದ ಗಾಜು ಹೊಳೆದು ಏನೂ ಕಾಣದು.

ಕಾಫಿ ಹೂವನ್ನು ಚಿತ್ರಿಸಬೇಕೆಂದಿರುವವರಿಗೂ ಇದೇ ಮಾತು. ಒಂದು ಮೊಗ್ಗಿನ ಹತ್ತಿರ ಹೋಗದೆ, ಇಡೀ ಗಿಡ ಬೆಳ್ಳಗಾಗುವುದನ್ನು ಹಿಡಿಯಿರಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಬಿರಿಯುತ್ತದೆ, ಎರಡು ಮೂರು ದಿನ ಇರುತ್ತದೆ. ಮಳೆ ಬಿದ್ದ ಆರನೆಯ ದಿನವೇ ಕ್ಯಾಮೆರಾ ಕಟ್ಟಿ, ಹತ್ತು ನಿಮಿಷದ ಅಂತರದಲ್ಲಿ, ಫೋಟೋ ಬಗೆಯಲ್ಲಿ ಇಡಿ. ಪವರ್ ಬ್ಯಾಂಕನ್ನು ಪ್ರತಿ ಸಂಜೆ ಬದಲಿಸಬೇಕಾಗುತ್ತದೆ. ಬದಲಿಸುವಾಗ ಕ್ಯಾಮೆರಾ ಒಂದು ಕೂದಲೆಳೆಯಷ್ಟು ಸರಿದರೂ ಚಿತ್ರಣದಲ್ಲಿ ಗಿಡ ಎಗರಿದಂತೆ ಕಾಣುವುದರಿಂದ, ತಂತಿಯನ್ನು ಉದ್ದ ಬಿಟ್ಟು ಪವರ್ ಬ್ಯಾಂಕನ್ನು ಕಂಬದ ಬುಡದಲ್ಲಿ ಡಬ್ಬಿಯೊಳಗಿಡಿ. ಈ ಸಲದ ಹೂಮಳೆಗೆ ನಾನೂ ಹೀಗೆಯೇ ಕಟ್ಟುವವನಿದ್ದೇನೆ. ಕಂಬ ಎಲ್ಲಿ ಹುಗಿಯಬೇಕೆಂಬುದನ್ನು ಅಜ್ಜ ಆಗಲೇ ತೋರಿಸಿದ್ದಾರೆ.